ಎದುರಾಡುವ ಓದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಜಪಾನಿನ ಕೋಬೆಯಲ್ಲಿ ಕೊರೋನಾದ ಮೊದಲ ತುರ್ತುಸ್ಥಿತಿಯ ವಸಂತವೋ, ಎರಡನೆಯದರ ಚಳಿಗಾಲವೋ, ಖಚಿತವಿಲ್ಲ. ದಿನಚರಿಯಲ್ಲಿ ಆ ತಿಂಗಳುಗಳು ಬಹುತೇಕ ಖಾಲಿ. ಬರೆಯುವಂಥದ್ದೇನೂ ನಡೆಯಲಿಲ್ಲವೋ, ಬರೆಯಲು ಮನಸ್ಸಾಗಲಿಲ್ಲವೋ ತಿಳಿಯದು.

ಲ್ಯಾಬ್ ಮುಚ್ಚಿತ್ತು. ಇಡೀ ದಿನಕ್ಕೆ ನಾನು ಆಡುತ್ತಿದ್ದ ಮಾತೆಂದರೆ ಬೀದಿಯ ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡವೆನ್ನುವುದಷ್ಟೇ. ಅದು ನನಗೆ ಅನುಕೂಲವೂ ಆಗಿತ್ತು. ಚಿಕ್ಕಂದಿನಿಂದ ನನಗೆ ತೊದಲು. ಸಭೆಗಳಲ್ಲಿ ನನ್ನ ಸಂಶೋಧನೆಯನ್ನು ಹಿರಿಯ ಸಹೋದ್ಯೋಗಿಯೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ನನ್ನ ಬದಲು ಮಂಡಿಸುತ್ತಿದ್ದರು. ನನ್ನ ಹುದ್ದೆಯನ್ನು ಮುಂದುವರಿಸಬೇಕೇ ಎಂದು ತೀರ್ಮಾನಿಸುವ ಸಭೆ ಹತ್ತಿರ ಬಂದಾಗ, ಅಲ್ಲಿಯೂ ತಾವೇ ಮಾತಾಡುವುದಾಗಿ ಹೇಳಿದರು. ನಾನು ತಲೆಬಾಗಿ, ಅರಿಗಾತೋ ಎಂದು ಧನ್ಯವಾದ ಹೇಳಿದ್ದೆ.

ಆ ದಿನಗಳಲ್ಲಿ ಪರಿಚಯವಾದವರು ಒಬ್ಬ ಯಹೂದಿ ಹಿರಿಯ ಮಹಿಳೆ. ಬೆಟ್ಟದ ಮಗ್ಗುಲಿನ ಏರುದಾರಿಯಲ್ಲಿ ಅವರ ಮನೆ, ನನ್ನ ಕೋಣೆಯಿಂದ ಎರಡೇ ಸ್ಟೇಷನ್. ಆದರೂ ಅವರನ್ನು ನೋಡಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಧರ್ಮಗ್ರಂಥವನ್ನು ಇಬ್ಬರು ಜೊತೆಯಾಗಿ, ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಜೊತೆಗಾತಿ ಆ ವರ್ಷ ತೀರಿಹೋಗಿದ್ದರು. ಇಂಗ್ಲಿಷ್ ಬಂದರೆ ಸಾಕು, ಯಾರಾದರೂ ಆದೀತು ಎಂದು ಪರಿಚಿತರೊಬ್ಬರ ಮೂಲಕ ಹೇಳಿಕಳಿಸಿದ್ದರು. ಒಪ್ಪಿದ್ದು ಒಂಟಿತನಕ್ಕೆ. ಜಿಜ್ಞಾಸೆಗೆಂದರೆ ಸುಳ್ಳಾದೀತು.

ಮೊದಲ ದಿನ ಸ್ನಾನ ಮಾಡಿ, ಮೈಕ್ ಮ್ಯೂಟ್ ಮಾಡಿ, ಕೈಕಟ್ಟಿ ಕೂತೆ. ಪ್ರವಚನದ ನಡುವೆ ಬಾಯಿ ಹಾಕಬಾರದೆಂಬುದು ನಮಗೆ ಯಾರೂ ಕಲಿಸದೆಯೇ ಬಂದಿರುವ ನಡತೆ. ಅವರು ಓದಿ ನಿಲ್ಲಿಸುವರು, ಕಾಯುವರು. ಕೊನೆಗೆ ಸಂಪರ್ಕ ಕಡಿದಿದೆಯೆಂದು ಫೋನ್ ಮಾಡಿದರು. ಗೌರವಕ್ಕಾಗಿ ಸುಮ್ಮನಿದ್ದೇನೆ ಎಂದು ವಿವರಿಸಿದೆ. ನಕ್ಕುಬಿಟ್ಟರು.

"ಎಲ್ಲಕ್ಕೂ ಹೂಂಗುಟ್ಟುವುದಾದರೆ ನೀನು ಯಾಕಮ್ಮ ಬೇಕು? ಅಷ್ಟನ್ನು ನನ್ನ ಬೆಕ್ಕೂ ಮಾಡುತ್ತದೆ. ಇಲ್ಲಿ ಜೊತೆಗಾತಿಯ ಕೆಲಸ ಎದುರಾಡುವುದು."

ದೇವರ ಮಾತಿಗೆ ಎದುರಾಡುವುದು ನನ್ನಿಂದ ಬೇಗ ಆಗಲಿಲ್ಲ. ಕೆಲವು ವಾರಗಳ ಮೇಲೆ, ಉರಿಯುವ ಪೊದೆಯ ಮುಂದೆ ನಿಂತ ಕುರಿಗಾಹಿಯ ಭಾಗ ಬಂತು. ಹೋಗಿ ಅರಸನೊಡನೆ ಮಾತಾಡು ಎಂದು ದೇವರು ಹೇಳಿದರೆ, ನನ್ನ ನಾಲಗೆ ಭಾರ, ಬೇರೆ ಯಾರನ್ನಾದರೂ ಕಳಿಸು ಎನ್ನುತ್ತಾನೆ ಅವನು. ಅವನ ಪರವಾಗಿ ಮಾತಾಡಲು ಅಣ್ಣನನ್ನು ಗೊತ್ತುಮಾಡಲಾಗುತ್ತದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾಲಗೆ ಕೊಟ್ಟವನು ದೇವರೇ ಅಂದಮೇಲೆ ಅದನ್ನು ಸರಿಮಾಡದೆ ಅಣ್ಣನನ್ನೇಕೆ ಜೊತೆಗೆ ಕಳಿಸಿದ ಎಂದು ಕೇಳಿದೆ. ಒಂದೊಂದು ಶಬ್ದವೂ ಗಂಟಲಲ್ಲಿ ಸಿಕ್ಕಿಕೊಂಡಿತು. ಅವರು ನನ್ನ ವಾಕ್ಯವನ್ನು ತಾವು ಮುಗಿಸಲಿಲ್ಲ. ಕಾದರು. ಆಮೇಲೆ, ಉತ್ತರ ತಮಗೂ ಗೊತ್ತಿಲ್ಲವೆಂದರು. ಆದರೆ ಮುಂದೆ ಓದುತ್ತ ಹೋದರೆ, ಕೊನೆಯಲ್ಲಿ ಇಡೀ ಜನರೆದುರು ದೀರ್ಘವಾಗಿ ಮಾತಾಡುವವನು ಅಣ್ಣನಲ್ಲ, ಅವನೇ. ನಾಲಗೆ ವಾಸಿಯಾಯಿತೆಂದು ಮಾತ್ರ ಎಲ್ಲೂ ಬರೆದಿಲ್ಲ.

ಮರುದಿನ ಸಹೋದ್ಯೋಗಿಗೆ, ಈ ಬಾರಿ ನಾನೇ ಮಂಡಿಸುತ್ತೇನೆ ಎಂದು ಬರೆದೆ. ಅವಸರಪಡಬೇಡವೆಂದು ಅವರು ನಯವಾಗಿ ಉತ್ತರಿಸಿದರು. ಸುಮಿಮಾಸೆನ್, ಕ್ಷಮಿಸಿ ಎಂದು ಬರೆದು, ಮತ್ತೆ ಅದನ್ನೇ ಹೇಳಿದೆ.

ಧೈರ್ಯ ಬಂದಿತ್ತೆಂದು ಈಗ ಬರೆಯುವುದು ಸುಲಭ. ಸಭೆಯ ದಿನ ಬೆಳಿಗ್ಗೆ, ನೀವೇ ಮಂಡಿಸಿಬಿಡಿ ಎಂದು ಸಹೋದ್ಯೋಗಿಗೆ ಬರೆದು ಅಳಿಸಿದ್ದೆ. ಹಲವರು ಕ್ಯಾಮೆರಾ ಆರಿಸಿದ್ದರು. ನಕ್ಕರೋ, ಮರುಗಿದರೋ ಕಾಣಲಿಲ್ಲ. ನಿಂತುನಿಂತು ಆದರೂ ಕೊನೆಯ ಸ್ಲೈಡಿನವರೆಗೆ ನಾನೇ ಮಾತಾಡಿದೆ. ಹುದ್ದೆ ಮುಂದುವರಿಯಿತು. ನನ್ನ ಮಾತಿನಿಂದಲೋ, ಮಾತು ಹಾಗಿದ್ದರೂ ಅಂತಲೋ, ಯಾರೂ ಹೇಳಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದರೆ ಕೋಣೆಯಲ್ಲಿ ಫ್ರಿಜ್ಜಿನ ಸದ್ದು. ಹೇಳಿಕೊಳ್ಳಲು ಯಾರೂ ಇಲ್ಲ. ನನ್ನನ್ನು ಸಾಕಿದ ದೊಡ್ಡಮ್ಮನಿಗೆ ಮೈಸೂರಿಗೆ ಫೋನ್ ಮಾಡಿದೆ.

"ಅಷ್ಟೂ ಜನರ ಮುಂದೆ ಮಾತಾಡ್ಬಿಟ್ಯಾ? ನಮ್ಮನೆ ಮೂಗಿ," ಎಂದು ನಕ್ಕರು. ಸಂತೋಷದ ನಗುವೇ.

ಆ ನಗು ಕೇಳಿದಾಗ ಶಾಲೆಯ ಭಾಷಣ ಸ್ಪರ್ಧೆಯೊಂದು ನೆನಪಾಯಿತು. ಹೆಸರು ಕೊಟ್ಟಿದ್ದೆ, ಮಾತಾಡಲಿಲ್ಲ. ಹೆದರಿ ನಾನೇ ಹಿಂದೆ ಸರಿದೆನೆಂದು ಇಷ್ಟು ವರ್ಷ ನಂಬಿದ್ದೆ. ಈಗ "ಇವಳ ಬದಲು ಬೇರೆ ಯಾರನ್ನಾದ್ರೂ ಕಳ್ಸಿ ಮೇಷ್ಟ್ರೇ" ಎಂಬ ಮಾತು ದೊಡ್ಡಮ್ಮನ ದನಿಯಲ್ಲೇ ಕೇಳುತ್ತಿದೆ. ಇದು ನಿಜವಾದ ನೆನಪೋ, ಆ ಓದು ನನ್ನೊಳಗೆ ಹೊಸದಾಗಿ ಕಟ್ಟಿದ್ದೋ ಹೇಳಲಾರೆ. ಅಂದು ಫೋನಿನಲ್ಲಿ ಕೇಳಿಯೇಬಿಟ್ಟೆ. ಅವರು ಊಟವಾಯಿತೇ ಎಂದು ವಿಚಾರಿಸಿದರು. ಆಮೇಲೂ ಕೇಳಿದ್ದೇನೆ, ಪ್ರತಿ ಸಲ ಅವರು ಮಾತು ಬದಲಿಸುತ್ತಾರೆ.

"ದೊಡ್ಡಮ್ಮ, ಅವತ್ತು ಬೇಡ ಅಂದಿದ್ದು ನಾನಾ, ನೀನಾ?"