ಎದ್ದು ನಿಲ್ಲುವ ಹುಡುಗಿ

ನಾನು ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗಾಗಿ ಕಾದಂಬರಿ ಬರೆಯುತ್ತೇನೆ. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಸ್ವಲ್ಪ ಅನುಕಂಪ ಮೂಡುತ್ತದೆ. "ಓ, ಮಕ್ಕಳ ಕಥೆಯಾ" ಎನ್ನುತ್ತಾರೆ. ಹೌದೆನ್ನಲೂ ಆಗುವುದಿಲ್ಲ, ಅಲ್ಲವೆನ್ನಲೂ ಆಗುವುದಿಲ್ಲ. ಕಾಗೆ ಗುಬ್ಬಿಯ ಕಥೆ ಕೇಳುವ ವಯಸ್ಸನ್ನು ದಾಟಿದ, ದೊಡ್ಡವರ ಪುಸ್ತಕ ಕದ್ದು ಓದುವ ವಯಸ್ಸಿಗೆ ಇನ್ನೂ ಬಾರದ ಒಂದು ಜನಾಂಗವಿದೆ. ಮದುವೆಮನೆಯಲ್ಲಿ ಮಕ್ಕಳ ಪಂಕ್ತಿಯಲ್ಲಿ ಕೂರಿಸಿದರೆ ಇವರು ಮುಖ ಊದಿಸಿಕೊಳ್ಳುತ್ತಾರೆ. ದೊಡ್ಡವರ ಪಂಕ್ತಿಗೆ ಹೋದರೆ ಯಾರಾದರೂ ಎಬ್ಬಿಸಿ ಕಳಿಸುತ್ತಾರೆ. ಹಳೆಯ ಕಥೆಗಳಲ್ಲೂ ಇವರಿಗೆ ಜಾಗವಿಲ್ಲ. ಅಲ್ಲಿ ರಾಜಕುಮಾರಿಯರು ತೊಟ್ಟಿಲಿನಿಂದ ಇಳಿದವರೇ ನೇರವಾಗಿ ಸ್ವಯಂವರಕ್ಕೆ ನಡೆಯುತ್ತಾರೆ, ನಡುವೆ ಯಾರಿಗೂ ಹನ್ನೆರಡು ವರ್ಷ ಆಗುವುದೇ ಇಲ್ಲ.

ಈ ನಡುವಿನವರೇ ನನ್ನ ಓದುಗರು. ಅವರು ಓದುವುದಿಲ್ಲ ಎಂಬುದು ಬೇರೆ ಮಾತು. ಕುಮಟಾ ಹತ್ತಿರದ ಹೊಳನಗದ್ದೆಯ ನಮ್ಮ ಮನೆಯಲ್ಲಿ, ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗಳಲ್ಲಿ ನನ್ನ ಕಾದಂಬರಿಗಳು ಸುಖವಾಗಿವೆ. ಗೆದ್ದಲು ಮಾತ್ರ ವಯಸ್ಸಿನ ಭೇದವಿಲ್ಲದೆ ಓದುತ್ತದೆ.

ಇಂಥ ಕಾದಂಬರಿಗೆ ಒಂದು ಪಾಕವಿದೆ. ಇಬ್ಬರು ಗೆಳತಿಯರು ಬೇಕು. ಅರವತ್ತನೆಯ ಪುಟದ ಸುಮಾರಿಗೆ ಅವರು ಮಾತು ಬಿಡಬೇಕು. ಅವರಲ್ಲೊಬ್ಬಳಿಗೆ 'ನಾನು ಯಾರು' ಎಂಬ ಪ್ರಶ್ನೆ ಹುಟ್ಟಬೇಕು. ಅದು ಕನ್ನಡಿಯ ಮುಂದೆ ಹುಟ್ಟಬಹುದು, ಸಮುದ್ರದ ಮುಂದೆ ಹುಟ್ಟಬಹುದು. ನಮ್ಮ ಕಡೆ ಕನ್ನಡಿಗಿಂತ ಸಮುದ್ರ ಸುಲಭವಾಗಿ ಸಿಗುತ್ತದೆ. ಕೊನೆಯ ಅಧ್ಯಾಯದೊಳಗೆ ತಪ್ಪು ಮಾಡಿದವಳು ಒಪ್ಪಿಕೊಂಡು ಒಂದು ಗೇಣು ಬೆಳೆಯಬೇಕು. ಹೀಗೆ ರಾಜಿ ಮಾಡಿಸುವುದರಲ್ಲಿ ನನ್ನದು ಎತ್ತಿದ ಕೈ. ಆದರೆ ಬೇಲಿಯಾಚೆಯ ನುಗ್ಗೆಮರದ ವಿಷಯಕ್ಕೆ ಪಕ್ಕದ ಮನೆಯವಳ ಜೊತೆ ನಾನು ಮಾತು ಬಿಟ್ಟು ಆರು ವರ್ಷವಾಯಿತು. ಅವಳೊಮ್ಮೆ ನನ್ನ ಪುಟದೊಳಗೆ ಬಂದಿದ್ದರೆ ಹತ್ತು ನಿಮಿಷದಲ್ಲಿ ಸರಿಮಾಡಿಬಿಡುತ್ತಿದ್ದೆ.

ಈಚಿನ ಕಾದಂಬರಿಯೊಂದು ಮಾತ್ರ ತಕ್ಕಮಟ್ಟಿಗೆ ಓಡಿತು. ಅದರ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಬಗ್ಗೆಯೇ ನಿಮ್ಮ ಹತ್ತಿರ ಹೇಳಿಕೊಳ್ಳಬೇಕಾಗಿದೆ.

ನಾನು ಓದಿದ್ದು ಹೊನ್ನಾವರದಲ್ಲಿ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಏಳನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮಾದೇವಿ, ಮೀನುಗಾರರ ಕೇರಿಯ ಹುಡುಗಿ. ಅವರ ಕೇರಿಯವರು ದಡದಿಂದ ಎಳೆಯುವ ಬಲೆ ಹಾಕುತ್ತಿದ್ದರು, ಕೈರಂಪಣಿ. ದೋಣಿಯವರು ಬಲೆಯನ್ನು ಕಡಲಲ್ಲಿ ಸುತ್ತಿಸಿ ತಂದ ಮೇಲೆ ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು, ಮುದುಕಿಯಾದರೂ ಸರಿ, ಮಗುವಾದರೂ ಸರಿ. ಮನೆಯಿಂದ ಒಂದು ಕೈ ಹೆಚ್ಚಿಗೆ ಹೋದರೆ ಒಂದು ಪಾಲು ಹೆಚ್ಚಿಗೆ ಬಂತು. ಹಾಗಾಗಿ ಬಲೆ ಬಿದ್ದ ದಿನ ಅವಳ ತಾಯಿ ಅವಳನ್ನು ಮೊದಲು ಹಗ್ಗಕ್ಕೆ ಕಳಿಸಿ ಆಮೇಲೆ ಶಾಲೆಗೆ ಕಳಿಸುತ್ತಿದ್ದಳು. ಅವಳು ತಡವಾಗಿ ಬರುವುದು, ಮಾಸ್ತರರು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬಿಡುವುದು ನಮಗೆಲ್ಲ ರೂಢಿಯಾಗಿತ್ತು.

ಒಂದು ದಿನ ನನಗೂ ಹಗ್ಗ ಎಳೆಯುವ ಆಸೆ ಹುಟ್ಟಿತು. ಮಾದೇವಿ ಒಪ್ಪಲಿಲ್ಲ. "ನಿಂಗೆ ಎಂತಕ್ಕೆ ಮಾರಾಯ್ತಿ, ಸುಮ್ನೆ ಶಾಲೆ ತಪ್ತದೆ" ಎಂದಳು. ನಾನು ಹಟ ಹಿಡಿದೆ. ಅಂಗೈ ಕೆಂಪಾಗುವವರೆಗೆ ಎಳೆದೆ. ನನ್ನ ಪಾಲಿಗೆ ಬಂದ ಬಂಗಡೆ ಮೀನುಗಳನ್ನು ಅವಳ ಬುಟ್ಟಿಗೇ ಸುರಿದು, ಮಹಾದಾನಿಯ ಗತ್ತಿನಲ್ಲಿ ಶಾಲೆಗೆ ನಡೆದೆ. ಹೋಗಿ ಮುಟ್ಟುವಾಗ ಎರಡನೆಯ ಪಾಠ ಮುಗಿದಿತ್ತು. ಮಾಸ್ತರರು ಗುಮಾಸ್ತರ ಮಗಳನ್ನು ಬಾಗಿಲಲ್ಲಿ ನೋಡಿ ಬೆರಗಾದರು. "ಯಾರು ಕರ್ಕೊಂಡು ಹೋದದ್ದು ನಿನ್ನ?" ಎಂದು ಕೇಳಿದರು. ನೋಡಿ, ಉತ್ತರವನ್ನು ಅವರೇ ಪ್ರಶ್ನೆಯೊಳಗೆ ಇಟ್ಟುಕೊಟ್ಟಿದ್ದರು. ನಾನು ಅದನ್ನು ಎತ್ತಿಕೊಂಡೆ, ಅಷ್ಟೆ. "ಮಾದೇವಿ" ಎಂದೆ.

ನನ್ನನ್ನು ಒಳಗೆ ಕೂರಿಸಿದರು. ತಾಯಿಯನ್ನು ಕರೆತರುವವರೆಗೆ ಒಳಗೆ ಬರಬೇಡ ಎಂದು ನನ್ನ ಹಿಂದೆಯೇ ಬಂದ ಮಾದೇವಿಗೆ ಹೇಳಿದರು. ತಾಯಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳು, ಬರಲಾಗಲಿಲ್ಲ. ಮಾದೇವಿ ಮೂರು ದಿನ ಹೊರಗೆ ನಿಂತಳು. ನಾಲ್ಕನೆಯ ದಿನ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ಆ ಮೂರು ದಿನದಲ್ಲಿ ಯಾವಾಗ ಬೇಕಾದರೂ ನಾನು ಎದ್ದು ನಿಂತು, ಹೋಗುತ್ತೇನೆಂದು ಹಟ ಮಾಡಿದವಳು ನಾನೇ ಎಂದು ಹೇಳಬಹುದಿತ್ತು. ಕಿಟಕಿಯಲ್ಲಿ ಅವಳ ಜಡೆ ಕಾಣುತ್ತಿತ್ತು. ನಾನು ಗಣಿತದ ಪುಸ್ತಕದೊಳಗೆ ಮುಖ ಹುಗಿದುಕೊಂಡಿದ್ದೆ. ಆ ವರ್ಷ ಗಣಿತದಲ್ಲಿ ನನಗೆ ಒಳ್ಳೆಯ ಅಂಕ ಬಂತು.

ಕಾದಂಬರಿಯಲ್ಲಿ ಹುಡುಗಿ ಎದ್ದು ನಿಲ್ಲುತ್ತಾಳೆ. "ಸರ್, ಅವಳು ಬೇಡವೆಂದಿದ್ದಳು, ನಾನೇ ಹೋದದ್ದು" ಎನ್ನುತ್ತಾಳೆ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಗೆಳತಿ ಒಳಗೆ ಬರುತ್ತಾಳೆ, ಓದುತ್ತಾಳೆ, ಕೊನೆಗೆ ಅದೇ ಶಾಲೆಗೆ ಟೀಚರಾಗಿ ಬರುತ್ತಾಳೆ. ಆ ಅಧ್ಯಾಯ ಬರೆಯುವಾಗ ನಾನು ಅತ್ತೆ. ಎಂಥ ಒಳ್ಳೆಯ ಹುಡುಗಿ ಎಂದು ನನಗೇ ಅವಳ ಮೇಲೆ ಅಭಿಮಾನ ಉಕ್ಕಿತು.

ಹೋದ ವರ್ಷ ಭಟ್ಕಳದ ಒಂದು ಶಾಲೆಯವರು ಮಕ್ಕಳ ಜೊತೆ ಮಾತಾಡಲು ಕರೆದರು. ನಾನು ಸ್ನೇಹದ ಮೇಲೆ ಉದ್ದಕ್ಕೆ ಮಾತಾಡಿದೆ. ಕೊನೆಯಲ್ಲಿ ಒಂದು ಹುಡುಗಿ ಕೇಳಿದಳು. "ಟೀಚರ್, ಅದು ಎದ್ದು ನಿಂತದ್ದು ಖರೇನಾ? ನಮ್ಮ ಕ್ಲಾಸಲ್ಲಿ ಹಂಗೆ ಯಾರೂ ನಿಲ್ಲೂದಿಲ್ಲ." ಅವಳು ಕೇಳಿದ ರೀತಿ ನೋಡಿದರೆ ಆ ತರಗತಿಯಲ್ಲಿ ಯಾರಿಗೋ ಏನೋ ಆಗಿತ್ತು, ಬಹುಶಃ ಅವಳಿಗೇ. "ಖರೆ" ಎಂದೆ. ಅವಳು ನಂಬಿ ಕೂತಳು. ಹನ್ನೆರಡು ವರ್ಷದವರು ಹಾಗೆ ನಂಬುವಾಗ ನೋಡಲಾಗುವುದಿಲ್ಲ.

ಆ ಸಂಜೆ ಕುಮಟಾ ಬಸ್ಸಿನಲ್ಲಿ ಬರುವವಳು ಹೊನ್ನಾವರದಲ್ಲೇ ಇಳಿದುಬಿಟ್ಟೆ. ಮಾದೇವಿ ಅಲ್ಲಿಯ ಮೀನು ಪೇಟೆಯಲ್ಲಿ ಕೂರುತ್ತಾಳೆಂದು ನನಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಕಡೆ ಹೋಗುತ್ತಿರಲಿಲ್ಲ. ಅವಳು ಒಂದೇ ನೋಟಕ್ಕೆ ಗುರುತು ಹಿಡಿದು, "ಗುಮಾಸ್ತರ ಮಗಳಲ್ದಾ?" ಎಂದಳು. ಚೀಲದಲ್ಲಿದ್ದ ಪುಸ್ತಕ ತೆಗೆದು ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡಳು. "ನಂಗೆ ಇಷ್ಟೆಲ್ಲ ಓದೂಕೆ ಬರೂದಿಲ್ಲ. ಮೊಮ್ಮಗಳು ಓದಿ ಹೇಳ್ತದೆ, ಆತು" ಎಂದಳು.

ನನ್ನ ಬದಲಿಗೆ ಪುಸ್ತಕ ತಪ್ಪೊಪ್ಪಿಕೊಳ್ಳಲಿ ಎಂಬುದು ನನ್ನ ಲೆಕ್ಕಾಚಾರ. ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು, ಆ ಪುಸ್ತಕದಲ್ಲಿ ನಾನು ತಪ್ಪೇ ಮಾಡಿಲ್ಲ. ಕ್ಷಮೆ ಕೇಳಲು ಹೋದವಳು ಕೈಯಲ್ಲಿ ಸುಳ್ಳು ಸಾಕ್ಷಿ ಹಿಡಿದುಕೊಂಡು ಹೋಗಿದ್ದೆ.

ಹದಿನೈದು ದಿನ ತಡೆದು ಮತ್ತೆ ಹೋದೆ. ಅಂದು ರಜೆ; ಮೊಮ್ಮಗಳೂ ಅಜ್ಜಿಯ ಪಕ್ಕ ಕೂತಿದ್ದಳು. ಆರನೇ ಇಯತ್ತೆಯಂತೆ, ಥೇಟು ನನ್ನ ಓದುಗರ ವಯಸ್ಸು.

"ಪೂರ್ತಿ ಕೇಳ್ದೆ," ಎಂದಳು ಮಾದೇವಿ, ಮೀನಿನ ಮೇಲೆ ನೀರು ಚಿಮುಕಿಸುತ್ತ. "ಬಲೆ ಎಳೆಯೂದು ಸಮಾ ಬರ್ದಿದ್ದೀ. ಆ ಎದ್ದು ನಿಂತ ಹುಡುಗಿ ಬರ್ತದಲ್ಲ, ಅದು ಭಾರೀ ಒಳ್ಳೇದು. ನಂಗೂ ಹಂಗೇ ಆಗಿತ್ತು ಒಂದ್ಸಲ. ಯಾರೋ ಹೆಸರು ಹೇಳಿದ್ರು, ಹೊರಗೆ ನಿಲ್ಸಿದ್ರು. ಯಾರು ಹೇಳಿದ್ದು ಅಂತ ಈಗ ನೆನಪಿಲ್ಲ. ಅಂಥದ್ದೊಂದು ಹುಡುಗಿ ನಮ್ಮ ಕ್ಲಾಸಲ್ಲಿ ಇದ್ದಿದ್ರೆ ನಾನೂ ಓದ್ತಿದ್ನೋ ಏನೋ."

ನನ್ನನ್ನು ನಲವತ್ತು ವರ್ಷ ಕುಟುಕಿದ್ದು ಅವಳಿಗೆ ನಿಜಕ್ಕೂ ಮರೆತುಹೋಗಿತ್ತೋ, ಅಥವಾ ಹೇಳುವುದಿದ್ದರೆ ಹೇಳು ಎಂದು ನನಗೆ ಜಾಗ ಮಾಡಿಕೊಟ್ಟಳೋ, ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದೇ ಆಗಿದ್ದರೂ ನಾನು ಆಡಬೇಕಾದ ಮಾತು ಒಂದೇ ಆಗಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನನ್ನ ಕಾದಂಬರಿಗಳಲ್ಲಿ ಎಷ್ಟೋ ಮಕ್ಕಳನ್ನು ನಾನು ಇದೇ ಜಾಗಕ್ಕೆ ತಂದು ನಿಲ್ಲಿಸಿದ್ದೇನೆ. ಒಬ್ಬರೂ ಹಿಂದೆ ಸರಿದದ್ದಿಲ್ಲ.

"ಬಂಗಡೆ ತಾಜಾ ಉಂಟಾ?" ಎಂದು ಕೇಳಿದೆ.

ಮಾದೇವಿ ಒಳ್ಳೆಯದನ್ನೇ ಆರಿಸಿ ಚೀಲಕ್ಕೆ ಹಾಕಿದಳು. ನಾನು ಹೊರಡುವಾಗ ಮೊಮ್ಮಗಳು ಸಂಕೋಚ ಬಿಟ್ಟು, "ಆ ಪುಸ್ತಕ ಖರೇ ನೀವೇ ಬರ್ದದ್ದಾ?" ಎಂದು ಕೇಳಿದಳು.

ಹೌದು, ನಾನೇ ಎಂದು ಕೂಡಲೇ ಒಪ್ಪಿಕೊಂಡೆ.