ಬಸ್ಸು ಬಂತೆಂದು ಅರ್ಧಕ್ಕೆ ನಿಲ್ಲಿಸಿದ ಸೂರ್ಯನ ಪಾಠ

"ಮರ ಕಡಿಸಿ ಅಂತ ನೀನೇ ಹೇಳಿದ್ಯಂತೆ?"

ಸೋಮವಾರ ಬೆಳಗ್ಗೆ ಮುಳ್ಳನ್‌ಕೊಲ್ಲಿಯಿಂದ ಅಕ್ಕನ ಫೋನು. ಹಲೋ ಇಲ್ಲ, ತಿಂಡಿ ಆಯ್ತಾ ಇಲ್ಲ. ಹಿಂದೆ ಮರ ಕುಯ್ಯುವ ಮೆಷಿನ್ನಿನ ಸದ್ದು.

ನಾನು ಹೇಳಿದ್ದೆನೇ?

ಭಾವನ ತೋಟದಲ್ಲಿ ಎಂಟು ಮರಗಳಿಗೆ ಹಬ್ಬಿದ್ದ ಮೆಣಸಿನ ಬಳ್ಳಿ ರೋಗ ಬಂದು ಸತ್ತಿತ್ತು. ಬಳ್ಳಿಯೇ ಇಲ್ಲದ ಮೇಲೆ ಮರ ಯಾಕೆ ಅಂತ ಭಾವ. ಅದರ ನೆರಳಲ್ಲೇ ಕಾಫಿ ಗಿಡ ಬದುಕಿರೋದು ಅಂತ ಅಕ್ಕ. ಭಾನುವಾರ ನಾನು ಹೋದಾಗ ಈ ಜಗಳಕ್ಕೆ ಭಾವ ಹೊಸ ಸಾಕ್ಷಿ ತಂದರು. ಮೊಬೈಲಲ್ಲಿ ಒಂದು ವಿಡಿಯೋ.

"ಪದ್ಮ, ಸಯನ್ಸ್ ಟೀಚರಾಗಿದ್ದವ್ಳು ನೀನು, ಹೇಳು. ಸೂರ್ಯನ ಕಾಂತಶಕ್ತಿ ಜಾಸ್ತಿ ಆದ್ರೆ ಕಾಸ್ಮಿಕ್ ಕಿರಣ ಕಮ್ಮಿ ಆಗುತ್ತಂತೆ. ಕಿರಣ ಕಮ್ಮಿ ಆದ್ರೆ ಮೋಡ ಕಮ್ಮಿ. ಮೋಡ ಇಲ್ದಿದ್ರೆ ಚೂಡು. ಮರಕ್ಕೂ ಚೂಡಿಗೂ ಸಂಬಂಧನೇ ಇಲ್ಲ. ಶರಿಯೋ?"

(ಚೂಡು ಅಂದರೆ ಸೆಕೆ. ನಮ್ಮ ಗಡಿ ಕಡೆ ಕನ್ನಡ, ಮಲಯಾಳ ಎರಡು ಭಾಷೆಯಲ್ಲೂ ಬೆವರುತ್ತೇವೆ.)

"ಮೊದಲ್ನೇದು ಸರಿ ಭಾವ," ಎಂದೆ. ದೂರದ ನಕ್ಷತ್ರಗಳು ಸಿಡಿದಾಗ ಹೊರಟ ಸೂಕ್ಷ್ಮ ಕಣಗಳು ನಮ್ಮತ್ತ ಬರುತ್ತಲೇ ಇರುತ್ತವೆ. ಸೂರ್ಯನ ಕಾಂತಕ್ಷೇತ್ರ ಅವುಗಳಲ್ಲಿ ಎಷ್ಟನ್ನೋ ಬೇರೆ ದಾರಿಗೆ ತಿರುಗಿಸುತ್ತದೆ. ಸೂರ್ಯ ಚುರುಕಾಗಿದ್ದರೆ ಹೆಚ್ಚು, ಮಂಕಾಗಿದ್ದರೆ ಕಡಿಮೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಈ ಏರಿಳಿತ.

"ಆ ಕಣಗಳಿಂದ ಮೋಡ ಕಟ್ಟಬಹುದು ಅಂತ ಕೆಲವು ವಿಜ್ಞಾನಿಗಳು..." ಅನ್ನುವಷ್ಟರಲ್ಲಿ ಪುಲ್ಪಳ್ಳಿ ಬಸ್ಸಿನ ಹಾರ್ನ್. ಎದ್ದು ಓಡಿದೆ. ಪ್ರೈವೇಟ್ ಬಸ್ಸು ಪಾಠ ಮುಗಿಯುವವರೆಗೆ ಕಾಯುತ್ತದೆಯೇ?

ಉಳಿದರ್ಧ ಬಾಯಲ್ಲೇ ಉಳಿಯಿತು. ಮೋಡದ ಮೇಲೆ ಆ ಕಣಗಳ ಪ್ರಭಾವ ತೀರಾ ಸಣ್ಣದು ಎಂದೇ ಈವರೆಗಿನ ಪುರಾವೆ ಹೇಳುತ್ತದೆ. ಈಚಿನ ದಶಕಗಳಲ್ಲಿ ಸೂರ್ಯನ ಚುರುಕು ಏರಿಲ್ಲ, ಭೂಮಿಯ ಬಿಸಿ ಮಾತ್ರ ಏರುತ್ತಲೇ ಇದೆ. ಅದು ನಾವು ಸುಟ್ಟ ಎಣ್ಣೆ, ಕಲ್ಲಿದ್ದಲುಗಳ ಕೆಲಸ. ಇಷ್ಟನ್ನೂ ಹೇಳಬೇಕಿತ್ತು.

ಫೋನಿಟ್ಟು ಸಿಕ್ಕ ಬಸ್ಸು ಹತ್ತಿ ತಲುಪುವಾಗ ಮಧ್ಯಾಹ್ನ. ಮೂರು ಮರ ಉರುಳಿದ್ದವು.

"ಎಲ್ಲ ಸೂರ್ಯಂದೇ ಕೆಲ್ಸ ಆದ್ಮೇಲೆ ಮರ ಏನು ಮಾಡುತ್ತೆ?" ಎಂದರು ಭಾವ, ಗೆದ್ದವರ ಹಾಗೆ.

ನಾನು ಕಾಂತಕ್ಷೇತ್ರ ಎನ್ನಲು ಬಾಯಿ ತೆರೆದೆ. ಅಕ್ಕ ನನ್ನನ್ನು ತಡೆದಳು.

"ನೀವು ಚಪ್ಪಲಿ ಬಿಡಿ," ಎಂದಳು ಗಂಡನಿಗೆ. "ಅಲ್ಲಿ ಹೋಗಿ ನಿಂತ್ಕೊಳಿ."

ಮೊದಲು ಬಿದ್ದ ಮರದ ಜಾಗಕ್ಕೆ ಆಗಲೇ ಮೂರು ತಾಸು ಮಾರ್ಚ್ ಬಿಸಿಲು ಬಿದ್ದಿತ್ತು. ಭಾವ ಬರಿಗಾಲಲ್ಲಿ ನಿಂತರು. ಸ್ವಲ್ಪ ಹೊತ್ತಿಗೇ ಒಂದು ಕಾಲೆತ್ತಿದರು, ಆಮೇಲೆ ಇನ್ನೊಂದು. ಕೊನೆಗೆ ಸರಸರ ನಡೆದು ಉಳಿದ ಮರಗಳ ಕೆಳಗೆ ಬಂದು ನಿಂತರು.

"ಎರಡೂ ಕಡೆ ಸೂರ್ಯ ಒಬ್ನೇ ಅಲ್ವಾ?" ಅಕ್ಕ ಕೇಳಿದಳು.

ಭಾವ ಮೆಷಿನ್ನಿನವನ ಕಡೆ ತಿರುಗಿ, "ಮದಿ, ಮದಿ. ಸಾಕು ನಿಲ್ಸು" ಎಂದರು.

ಐದು ಮರದಿಂದ ಲೋಕದ ಬಿಸಿ ಇಳಿಯುವುದಿಲ್ಲ, ಗೊತ್ತು. ಆದರೆ ಅವುಗಳ ಕೆಳಗಿನ ಕಾಫಿ ಗಿಡಗಳು ಹಸಿರಾಗಿವೆ. ನೆರಳು ತಪ್ಪಿದ ಗಿಡಗಳ ಎಲೆಯಂಚು ಸುಟ್ಟ ಫೋಟೋವನ್ನು ಅಕ್ಕ ನಿನ್ನೆ ಕಳಿಸಿದಳು.

ಈಗ ನೀವೇ ಹೇಳಿ, ಆ ಮೂರು ಮರ ಕಡಿಸಿದ್ದು ಭಾವನ ವಿಡಿಯೋನೋ, ನನ್ನ ಅರ್ಧ ಪಾಠವೋ?