ಅಪ್ಪ ಹಾಕಿದ ಆಯಿಲು

ಆಯಿಲ್ ಅಳೆಯುವ ಕಡ್ಡಿಯ ತುದಿಗಂಟಿದ್ದನ್ನು ಮೆಕ್ಯಾನಿಕ್ ಎರಡು ಬೆರಳಲ್ಲಿ ಉಜ್ಜಿ ಮೂಸಿದರು. ಮೈಸೂರಿಗೆ ಹೊರಟಿದ್ದ ನನ್ನ ಡೀಸೆಲ್ ಜೀಪಿನ ಆಯಿಲ್ ಲೈಟು ಚಾಮರಾಜಪೇಟೆಯಲ್ಲಿ ಹೊತ್ತಿಕೊಂಡಿತ್ತು. ಅವರು ತಮ್ಮದೇ ಪ್ರೆಶರ್ ಮೀಟರು ಸಿಕ್ಕಿಸಿ ನೋಡಿದಾಗ, ಇಂಜಿನ್ ಬಿಸಿಯಾದಂತೆ ಮುಳ್ಳು ಕೆಳಗಿಳಿದಿತ್ತು.

“ಆಯಿಲ್ ನೀರಾಗ್ಬಿಟ್ಟಿದೆ ಮೇಡಂ, ಪ್ರೆಶರ್ ಎಲ್ಲಿಂದ ಬರ್ಬೇಕು? ಹಿಂಗೇ ಓಡಿಸಿದ್ರೆ ಇಂಜಿನ್ ಹೋಗತ್ತೆ. ಯಾವಾಗ ಹಾಕಿದ್ದು?”

“ಎರಡು ವರ್ಷ ಆಯ್ತು. ಅಪ್ಪ ಹಾಕಿದ್ದು.”

“ಉಪ್ಪಿನಕಾಯಿ ಇಟ್ಟಂಗೆ ಇಟ್ಟಿದೀರಲ್ಲ! ಯಾವ ಗ್ರೇಡು ಅಂತ ಅವರಿಗೊಂದು ಫೋನ್ ಹಾಕಿ ಕೇಳಿ.”

“ಅವರು ಈಗಿಲ್ಲ” ಎಂದೆ. ಅಪ್ಪ ಹೋದ ಮೇಲೆ ಅದನ್ನು ಬದಲಾಯಿಸಲು ಮನಸ್ಸೇ ಬಂದಿರಲಿಲ್ಲ ಎಂದು ಹೇಳಲಿಲ್ಲ. ಜೀಪು ಅಲ್ಲೇ ಬಿಟ್ಟು ಬಸವನಗುಡಿಯ ಚಿಕ್ಕಮ್ಮನ ಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ, “ಆಯಿಲ್ ಇಳಿಸಿ” ಎಂದೆ. ಕೊನೆಯ ಹನಿ ಬೀಳುವವರೆಗೂ ಟ್ರೇ ಪಕ್ಕದಲ್ಲೇ ನಿಂತಿದ್ದೆ.